ಎರಡು ಸಾವಿರದ ನೋಟು, ಏಳು ಪುಸ್ತಕ

2016ರ ಡಿಸೆಂಬರ್ ಮೊದಲ ವಾರ ನಮ್ಮ ರಾಯಚೂರಲ್ಲಿ 82ನೇ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತಲ್ವಾ, ಬರಗೂರು ರಾಮಚಂದ್ರಪ್ಪನವರು ಅಧ್ಯಕ್ಷರಾಗಿದ್ದದ್ದು, ಆಗಿನ ಮಾತು ಇದು. ನೋಟು ರದ್ದಾಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಎಟಿಎಂ ಮುಂದೆ ಎರಡು ತಾಸು ನಿಂತು ನಾನು ತಂದದ್ದು ಒಂದೇ ಒಂದು ಗುಲಾಬಿ ಬಣ್ಣದ ನೋಟು. ಅದನ್ನು ಜೇಬಲ್ಲಿಟ್ಟುಕೊಂಡು ಪುಸ್ತಕ ಮಳಿಗೆಗೆ ಹೋದೆ. ಬೇಕಾಗಿದ್ದದ್ದು ಎರಡೇ ಪುಸ್ತಕ, ರಿಯಾಯಿತಿ ಕಳೆದು 610 ರೂಪಾಯಿ. ನೋಟು ಚಾಚಿದೆ. ಮಳಿಗೆಯ ಹುಡುಗ ಅದನ್ನು ನೋಡಿ ನಕ್ಕ.

"ಚಿಲ್ರೆ ಎಲ್ಲೈತ್ರೀ ಸರ, ಬೆಳಿಗ್ಗೆಯಿಂದ ಎಲ್ಲಾರೂ ಇದನ್ನೇ ತರಾಕತ್ಯಾರ. ಇನ್ನೊಂದಿಷ್ಟು ತಗೊಂಡ್ಬಿಡ್ರಿ, ಲೆಕ್ಕ ಸರಿ ಆಗ್ತದ."

ನಾನು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹತ್ತಿ, ಭತ್ತ, ತೊಗರಿ, ಕಮಿಷನ್, ಹಮಾಲಿ, ಇಷ್ಟೇ ನನ್ನ ಪ್ರಪಂಚ. ಲೆಕ್ಕ ಸರಿ ಆಗ್ತದೆ ಅಂದರೆ ನನಗೂ ಇಲ್ಲ ಅನ್ನೋಕೆ ಆಗಲ್ಲ. ಸುಮ್ನೆ ಕೈಗೆ ಸಿಕ್ಕಿದ್ದು ತೆಗೆದು ಇಡುತ್ತಾ ಹೋದೆ. ಇನ್ನೂ ನಾಲ್ಕು ಪುಸ್ತಕ ಆದ ಮೇಲೂ 60 ರೂಪಾಯಿ ಉಳಿಯಿತು. ಅದಕ್ಕೆ ಅವನೇ ಒಂದು ಅಡುಗೆ ಪುಸ್ತಕ ಮೇಲಿಟ್ಟು ಚೀಲ ಕಟ್ಟಿಬಿಟ್ಟ. ಆ ಏಳು ಪುಸ್ತಕಗಳನ್ನು ಓದಿ ಮುಗಿಸೋಕೆ ವರ್ಷಗಳೇ ಹಿಡಿದವು. ಈಗ ಒಂದೊಂದಾಗಿ ಹೇಳ್ತೀನಿ.

ಮೊದಲು, ನಾನಾಗಿಯೇ ಬೇಕು ಅಂತ ತಗೊಂಡಿದ್ದು. ಜೀವನದಲ್ಲಿ ಮುಂದೆ ಬರೋದು ಹೇಗೆ ಅಂತ ಹೇಳಿಕೊಡುವ ಇಂಗ್ಲಿಷ್ ಪುಸ್ತಕವೊಂದರ ಕನ್ನಡ ಅನುವಾದ. ಹೆಸರು ಬೇಡ ಬಿಡಿ. ನಮ್ಮ ಸಾಹುಕಾರರ ಮಗ ಅದನ್ನು ಇಂಗ್ಲಿಷಲ್ಲಿ ಓದಿ ಮೂರು ತಿಂಗಳು ಅದೇ ಮಾತಾಡಿದ್ದ. ನಾನೂ ಆಸೆಯಿಂದ ತೆರೆದೆ. ಅಕ್ಷರ ಕನ್ನಡದ್ದು, ಮಾತು ಯಾವ ಊರಿನದೋ. ಎರಡು ಪುಟಕ್ಕೊಮ್ಮೆ 'ಆರಾಮದ ವಲಯ'ದಿಂದ ಹೊರಗೆ ಬನ್ನಿ ಅಂತಾರೆ. ಮೇ ತಿಂಗಳಲ್ಲಿ ರಾಯಚೂರಿಗೆ ಬಂದು ನೋಡಿ ಸ್ವಾಮಿ, ಆರಾಮದ ವಲಯ ಅಂತ ಒಂದು ಎಲ್ಲಾದರೂ ಇದ್ದರೆ ನನಗೂ ತೋರಿಸಿ, ಒಳಗೆ ಹೋಗಿ ಮಲಗ್ತೀನಿ. ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಅಂತ ಒಂದು ಇಡೀ ಅಧ್ಯಾಯ ಇದೆ. ರಾತ್ರಿಯೆಲ್ಲಾ ಮಾಳಿಗೆ ಮೇಲೆ ಹೊರಳಾಡಿ, ಗಾಳಿ ಸ್ವಲ್ಪ ತಣ್ಣಗಾಗಿ ಕಣ್ಣು ಹತ್ತೋದೇ ನಮಗೆ ಐದಕ್ಕೆ. ಅನುವಾದಕರ ಕಷ್ಟ ಅವರಿಗೆ ಇರಬಹುದು, ಆದರೆ ಆ ಜಾಗದಲ್ಲಿ ನಮ್ಮ ಕಡೆಯ ಒಬ್ಬ ಮನುಷ್ಯನನ್ನು ಇಟ್ಟುಕೊಂಡು ಒಂದು ಸಲ ಜೋರಾಗಿ ಓದಿ ನೋಡಿದ್ದರೆ ಸಾಕಾಗಿತ್ತು. 70ನೇ ಪುಟಕ್ಕೆ ನಿಲ್ಲಿಸಿದೆ.

ಎರಡನೆಯದು ದಪ್ಪ ಕಾದಂಬರಿ, ಬಹಳ ಜನ ಹೊಗಳಿದ್ದು, ಮರುಮುದ್ರಣ. ಕಾದಂಬರಿದೇನೂ ತಪ್ಪಿಲ್ಲ, ಅದಕ್ಕೇ ಇದರ ಹೆಸರೂ ಹೇಳಲ್ಲ, ಪ್ರಕಾಶಕರ ಹೆಸರೂ ಹೇಳಲ್ಲ. 192ನೇ ಪುಟದ ಕೊನೇ ಸಾಲಲ್ಲಿ ಒಬ್ಬ ಬಾಗಿಲು ತಟ್ಟುತ್ತಾನೆ. ಪುಟ ತಿರುಗಿಸಿದರೆ ಮತ್ತೆ 177. ಅದೇ ಹದಿನಾರು ಪುಟ ಇನ್ನೊಮ್ಮೆ. ಅದು ಮುಗಿದ ಮೇಲೆ ನೇರ 209, ಅಲ್ಲಿ ಬಾಗಿಲು ತಟ್ಟಿದವನ ತಿಥಿ ನಡೀತಿದೆ! ಒಂದು ಫಾರಂ ಎರಡು ಸಲ ಸೇರಿಸಿ, ಇನ್ನೊಂದು ಬಿಟ್ಟೇಬಿಟ್ಟಿದ್ದಾರೆ. ಫೋನ್ ಮಾಡಿದೆ. ಬಿಲ್ ಇದೆಯಾ ಅಂದರು. ಸಮ್ಮೇಳನದ ಗದ್ದಲದಲ್ಲಿ ಬಿಲ್ ಯಾರು ಕೇಳ್ತಾರೆ? ಎರಡು ತಿಂಗಳು ಬಿಟ್ಟು ಗ್ರಂಥಾಲಯದಲ್ಲಿ ಅದರ ಹಳೇ ಮುದ್ರಣ ಸಿಕ್ಕಿತು, ಪುಟಸಂಖ್ಯೆ ಬೇರೆ, ಬಾಗಿಲು ತಟ್ಟುವ ಜಾಗ ಹುಡುಕೋಕೇ ಅರ್ಧ ದಿನ ಹೋಯಿತು. ಹತ್ತು ರೂಪಾಯಿ ಕೊಟ್ಟು ಹತ್ತು ಹಾಳೆ ಜೆರಾಕ್ಸ್ ಮಾಡಿಸಿ ಮಡಚಿ ಒಳಗಿಟ್ಟೆ. ಆದರೆ ಅಷ್ಟು ಹೊತ್ತಿಗೆ ಅವನು ಸತ್ತದ್ದು ಗೊತ್ತಾಗಿತ್ತು, ಯಾಕೆ ಸತ್ತ ಅಂತ ಆಮೇಲೆ ಓದಿದರೆ ಏನು ರುಚಿ? ಮಳಿಗೆಯಲ್ಲಿ ಪುಸ್ತಕ ಕೊಳ್ಳುವವರಿಗೆ ಒಂದು ಮಾತು: ದುಡ್ಡು ಕೊಡುವ ಮುಂಚೆ ಹದಿನಾರು ಹದಿನಾರು ಪುಟಕ್ಕೆ ಒಮ್ಮೆ ಸಂಖ್ಯೆ ನೋಡಿ. ಅರ್ಧ ನಿಮಿಷದ ಕೆಲಸ.

ಅಡುಗೆ ಪುಸ್ತಕದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೋಳದ ರೊಟ್ಟಿಗೆ 200 ಗ್ರಾಂ ಹಿಟ್ಟು ಅಂತ ಓದಿದ್ದಕ್ಕೆ ನಮ್ಮವ್ವ, "ರೊಟ್ಟಿಗೆ ತಕ್ಕಡಿ ಹಿಡ್ಕೊಂಡು ಕುಂದ್ರತಾರೇನು? ನಿಮ್ಮ ಎಪಿಎಂಸಿಯವರು ಬರ್ದಿರಬೇಕು" ಅಂದಳು. ಈಗ ಅದರೊಳಗೆ ಗ್ಯಾಸ್ ರಸೀದಿ ಇಡುತ್ತಾಳೆ.

ಶಾಂತರಸರ ಗಜಲ್ ಪುಸ್ತಕ ತಗೊಂಡದ್ದು ನಮ್ಮ ಊರಿನವರು ಅನ್ನೋ ಅಭಿಮಾನಕ್ಕೆ ಅಷ್ಟೆ. ಹೆಂಬೇರಾಳದವರು, ರಾಯಚೂರಲ್ಲೇ ಬದುಕಿದವರು, 2006ರಲ್ಲಿ ಬೀದರ್ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಗಜಲ್ ಅಂದರೆ ಉರ್ದುವಿನವರದ್ದು, ಕನ್ನಡಕ್ಕೆ ಬಂದರೆ ಸಾಲದ ಅಂಗಿ ಹಾಕಿಕೊಂಡ ಹಾಗಿರುತ್ತೆ ಅಂದುಕೊಂಡಿದ್ದೆ. ಹಾಗಿಲ್ಲ. ಪ್ರತಿ ಎರಡನೇ ಸಾಲಿಗೂ ಅದೇ ಪದ ಮರಳಿ ಬರುತ್ತೆ, ಆದರೆ ಬಂದಾಗಲೆಲ್ಲ ಬೇರೆ ಮುಖ ಹೊತ್ತು ಬರುತ್ತೆ. ನಮ್ಮ ಓಣಿಯಲ್ಲಿ ಒಂದೇ ಮಾತಿನಲ್ಲಿ ಅರ್ಧ ಕನ್ನಡ ಅರ್ಧ ಉರ್ದು ಆಡುವವರ ನಡುವೆ ಬೆಳೆದವರಿಗೆ ಇದು ಹೊಸದೇನೂ ಅನಿಸಲ್ಲ. ಒಂದೇ ಬೈಠಕ್‌ಗೆ ಓದಬೇಡಿ, ದಿನಕ್ಕೆ ಒಂದು ಸಾಕು.

ತೇಜಸ್ವಿಯವರ 'ಕರ್ವಾಲೊ' ತೆಳ್ಳಗಿತ್ತು ಅಂತ ಹಾಕಿಕೊಂಡೆ. 1980ರ ಕಾದಂಬರಿ. ಎಲ್ಲರೂ ಓದಿರ್ತೀರಿ, ನನಗೇ ತಡ. ಹಾರುವ ಓತಿ, ವಿಜ್ಞಾನಿ ಅಂತ ಕೇಳಿ ಇದೇನೋ ಹೈಸ್ಕೂಲ್ ಹುಡುಗರಿಗೆ ಬರೆದ ವಿಜ್ಞಾನದ ಪಾಠ ಅಂದುಕೊಂಡಿದ್ದೆ. ಶುರುವಾಗೋದು ನೋಡಿದರೆ ಮೂಡಿಗೆರೆಯ ಜೇನು ಸೊಸೈಟಿಯಲ್ಲಿ! ಜೇನುತುಪ್ಪ ಕೊಳ್ಳೋಕೆ ಹೋದವನಿಗೆ ಮಂದಣ್ಣ ಸಿಗುತ್ತಾನೆ, ಮಂದಣ್ಣನಿಂದ ಕರ್ವಾಲೊ, ಅಲ್ಲಿಂದ ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ, ಎಲ್ಲಾ ಸೇರಿ ಕಾಡಿಗೆ. ನಾನು ಓದಿದ್ದು ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ, ಕೂಲರ್‌ಗೆ ಹಾಕೋಕೆ ನೀರೂ ಇಲ್ಲ. ಆ ಕಾಡಿನ ತಂಪು ಓದುತ್ತಾ ಹೊಟ್ಟೆಕಿಚ್ಚಾಯಿತು. ಅಂಗಡಿಗೆ ಬರುವ ರೈತರಲ್ಲಿ ಮಂದಣ್ಣನಂಥವರು ನಾಲ್ಕು ಜನ ನನಗೇ ಗೊತ್ತು. ಮೋಡ ನೋಡಿ, ಇರುವೆ ಸಾಲು ನೋಡಿ ಏನೇನೋ ಹೇಳ್ತಾರೆ, ನಾವು ತೂಕದ ಚೀಟಿ ಕೊಟ್ಟು ಕಳಿಸ್ತೀವಿ. ಕೊನೆಯಲ್ಲಿ ಅಷ್ಟೆಲ್ಲ ಕಷ್ಟಪಟ್ಟು ಹುಡುಕಿದ ಓತಿ ಕಣ್ಣೆದುರೇ ಕಣಿವೆಗೆ ತೇಲಿಹೋಗುತ್ತೆ. ಲೆಕ್ಕದವನಿಗೆ ಇದು ನಷ್ಟದ ಬಾಬತ್ತು, ಆದರೂ ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನನ್ನ ಪ್ರತಿ ಯಾರೋ ಒಯ್ದರು, ಮತ್ತೆ ಕೊಂಡೆ, ಅದನ್ನೂ ಒಯ್ದರು. ಮೂರನೆಯದು ಈಗ ಬೀರುವಿನಲ್ಲಿದೆ, ಕೀಲಿ ಹಾಕಿ.

ಇನ್ನು ರಾಬರ್ಟ್ ಸೆವೆಲ್ ಅನ್ನೋ ಇಂಗ್ಲಿಷ್ ಅಧಿಕಾರಿ 1900ರಲ್ಲಿ ಬರೆದ ವಿಜಯನಗರದ ಇತಿಹಾಸ, ಅದರ ಕನ್ನಡ ಅನುವಾದ. ಇದನ್ನು ತಗೊಂಡದ್ದು ಬೆಲೆ ನೋಡಿ, ಅಂದರೆ ಜಾಸ್ತಿ ಬೆಲೆ ನೋಡಿ, ಬೇಗ ಲೆಕ್ಕ ಮುಗೀಲಿ ಅಂತ. ಮೊದಲ ಅರ್ಧ ನಿಜಕ್ಕೂ ಒಣ ಒಣ, ಯಾವ ರಾಜನಾದ ಮೇಲೆ ಯಾವ ರಾಜ ಅಂತಲೇ ಹೋಗುತ್ತೆ. ಅದು ಬೇಸರವಾದರೆ ಹಿಂದೆ ಹೋಗಿ. ಅಲ್ಲಿ ಡೊಮಿಂಗೊ ಪೇಸ್, ಫೆರ್ನಾವೊ ನುನಿಜ್ ಅನ್ನೋ ಇಬ್ಬರು ಪೋರ್ಚುಗೀಸರು ಬರೆದಿಟ್ಟದ್ದನ್ನು ಸೆವೆಲ್ ಹಾಗೇ ಕೊಟ್ಟಿದ್ದಾನೆ. ನುನಿಜ್ ಕುದುರೆ ವ್ಯಾಪಾರಿ. ನಮ್ಮವನೇ ಅಂತ ಕೂಡಲೇ ಗೊತ್ತಾಯಿತು, ಎಲ್ಲದಕ್ಕೂ ಎಷ್ಟು ಎಷ್ಟು ಅಂತ ಬರೀತಾನೆ.

1520ರಲ್ಲಿ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದು ಶಾಲೆಯಲ್ಲಿ ಒಂದೇ ಸಾಲಿನ ಪಾಠ. ನುನಿಜ್ ಹೇಳುವ ಲೆಕ್ಕದಲ್ಲಿ ಆ ದಂಡಿನಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ. ಈಗಿನ ರಾಯಚೂರು ಊರಿನ ಮಂದಿಯೂ ಅಷ್ಟಿಲ್ಲ. ನಾನಂತೂ ನಂಬಲಿಲ್ಲ, ಅಷ್ಟು ಜನಕ್ಕೆ ನೀರು ಎಲ್ಲಿಂದ ತಂದರು, ಒಂದು ದಿನದ ಜೋಳ ಎಷ್ಟು ಕ್ವಿಂಟಲ್, ಅಂತ ಹಾಳೆ ತಗೊಂಡು ಲೆಕ್ಕ ಹಾಕೋಕೆ ಕೂತು ಬಿಟ್ಟುಬಿಟ್ಟೆ. ಆದರೆ ಒಂದು ಬಾಬತ್ತು ಮಾತ್ರ ನಂಬಿದೆ. ಕೋಟೆ ಗೋಡೆಯಿಂದ ಕಲ್ಲು ಕಿತ್ತು ತಂದ ಆಳುಗಳಿಗೆ ಆ ಕಲ್ಲಿಗೆ ದುಡ್ಡು ಕೊಡ್ತಿದ್ದರಂತೆ, ಕಲ್ಲಿನ ಗಾತ್ರದ ಮೇಲೆ ರೇಟು: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಪರ್ದಾವ್, ಅಂದರೆ ಆಗಿನ ಬಂಗಾರದ ನಾಣ್ಯ. ಇದು ಸುಳ್ಳು ಹೇಳುವವನ ಲೆಕ್ಕ ಅಲ್ಲ, ಪಕ್ಕದಲ್ಲಿ ನಿಂತು ನೋಡಿದವನದೋ, ನೋಡಿದವನ ಬಾಯಿಂದ ಕೇಳಿದವನದೋ ಇರಬೇಕು. ಆಮೇಲೆ ಫಿಗೇರೆಡೊ ಅನ್ನೋ ಪೋರ್ಚುಗೀಸ ಇಪ್ಪತ್ತು ಜನ ಬಂದೂಕಿನವರನ್ನು ಕರಕೊಂಡು ಬರುತ್ತಾನೆ, ಗೋಡೆ ಮೇಲೆ ತಲೆ ಎತ್ತಿದವರಿಗೆಲ್ಲ ಗುಂಡು. ಕೋಟೆಯ ಅಧಿಕಾರಿ ಏನಾಗ್ತಿದೆ ಅಂತ ಇಣುಕಿ ನೋಡಿದ, ಹಣೆಗೆ ಬಿತ್ತು, ಅಲ್ಲಿಗೆ ಮುಗಿಯಿತು.

ಇಷ್ಟು ಓದಿದ ಮೇಲೆ ಭಾನುವಾರ ಕೋಟೆ ಕಡೆ ಹೋದೆ. ಹುಟ್ಟಿದಾಗಿಂದ ಅದರ ಪಕ್ಕದಲ್ಲೇ ಓಡಾಡಿದ್ದೀನಿ, ನೋಡಿರಲಿಲ್ಲ. ಪಡುವಣ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ, ಪಕ್ಕದಲ್ಲೇ ಆ ಕಲ್ಲನ್ನು ಬಂಡಿ ಮೇಲೆ ಹೇರಿ ಎಳೆದು ತರುವ ಚಿತ್ರ ಕೊರೆದಿದ್ದಾರೆ. ಸಾಲಾಗಿ ಎಳೆಯುವ ಪ್ರಾಣಿಗಳು, ಹಿಂದೆ ಗಾಲಿ. ಇದಕ್ಕೆ ನುನಿಜ್‌ನ ರೇಟಿನಲ್ಲಿ ಎಷ್ಟು ಕೊಡಬೇಕಾಗಿತ್ತು ಅಂತ ಯೋಚಿಸುತ್ತಾ ನಿಂತಿದ್ದೆ. ಅಲ್ಲೇ ನಿಂತಿದ್ದ ಆಟೋದವನು "ಏನ್ ಕಳಕೊಂಡ್ರೀ ಅಣ್ಣ?" ಅಂತ ಕೇಳಿದ.

ಕೊನೆಗೆ ಕುಂ. ವೀರಭದ್ರಪ್ಪನವರ 'ಅರಮನೆ'. ಇದರ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ. ಕೊಟ್ಟೂರಿನವರು, ನಮ್ಮ ಕಡೆಯ ಭಾಷೆ, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಅದರಲ್ಲೂ ಥಾಮಸ್ ಮನ್ರೋ ಬರುತ್ತಾನೆ ಅಂದಮೇಲೆ ಕೇಳಬೇಕಾ, 1800ರಲ್ಲಿ ಬಳ್ಳಾರಿ ಸೀಮೆಗೆ ಕಲೆಕ್ಟರಾಗಿ ಬಂದ ಮನ್ರೋ ಸಾಹೇಬನಿಗೆ ಮಂತ್ರಾಲಯದಲ್ಲಿ ರಾಯರು ಕಾಣಿಸಿಕೊಂಡು ಮಂತ್ರಾಕ್ಷತೆ ಕೊಟ್ಟ ಕತೆ ಹೇಳದ ಮನೆ ರಾಯಚೂರಲ್ಲಿ ಇಲ್ಲ. ಮೂವತ್ತು ಪುಟಕ್ಕೆ ಸೋತೆ. ಒಂದು ವಾಕ್ಯ ಶುರುವಾದರೆ ನಿಲ್ಲೋದೇ ಇಲ್ಲ. ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಹಿಡಿಯೋಕೆ ಹಿಂದೆ ಹೋಗಬೇಕು, ಹೋದರೆ ಮುಂದೆ ಬಂದದ್ದು ಮರೆತುಹೋಗುತ್ತೆ. ಪ್ರಶಸ್ತಿ ಕೊಟ್ಟವರು ಪೂರ್ತಿ ಓದಿದ್ದರಾ ಅಂತಲೂ ಒಂದಿಬ್ಬರ ಹತ್ತಿರ ಅಂದಿದ್ದೆ. ಆ ಮಾತು ವಾಪಸ್ ತಗೊಳ್ತೀನಿ.

ಎರಡು ವರ್ಷ ಬಿಟ್ಟು ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಟಿವಿ ನೋಡೋ ಹಾಗಿಲ್ಲ, ಹಸಿರು ಬಟ್ಟೆ ಕಟ್ಟಿಕೊಂಡು ದಿನವಿಡೀ ಮಂಚದ ಮೇಲೆ. ಏನಾದರೂ ಓದೋ ಅಂದಳು. ಕೈಗೆ ಸಿಕ್ಕಿದ್ದು ಇದು. ಜೋರಾಗಿ ಓದೋಕೆ ಶುರು ಮಾಡಿದೆ, ಹತ್ತು ನಿಮಿಷಕ್ಕೆ ಅವ್ವ ನಕ್ಕಳು. ಅವಳು ಸಿರುಗುಪ್ಪ ಕಡೆಯವಳು, ಅರ್ಧ ತೆಲುಗು. "ನಮ್ಮತ್ತಿ ಹಿಂಗೇ ಬೈತಿದ್ಲು ನೋಡು, ಉಸಿರು ತಗೊಂತಿದ್ದಿಲ್ಲ" ಅಂದಳು. ಆಗ ನನಗೆ ಗೊತ್ತಾಯಿತು, ನಾನು ಕಣ್ಣಲ್ಲಿ ಹುಡುಕ್ತಿದ್ದ ಪೂರ್ಣವಿರಾಮ ಬಾಯಲ್ಲಿದೆ ಅಂತ. ಕಟ್ಟೆ ಮೇಲೆ ಕೂತು ಊರಿನ ಸುದ್ದಿ ಹೇಳುವವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಂತರೆ ಆಯಿತು, ಯಾರ ಮಾತು ಯಾರದು ಅಂತ ದನಿಯೇ ಹೇಳುತ್ತೆ. ನಾನು ತಡವರಿಸಿದ ಕಡೆಯೆಲ್ಲ ಅವ್ವ ಆ ಮಾತನ್ನು ತನ್ನ ರಾಗದಲ್ಲಿ ಹೇಳಿ ತೋರಿಸುತ್ತಿದ್ದಳು, ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಮನ್ರೋ ಬಂದಾಗ ಮಾತ್ರ ಅವಳಿಗೆ ಸಿಟ್ಟು, "ರಾಯರ ದರ್ಶನದ್ದು ಎಲ್ಲಿ ಬಿಟ್ಟಿ?" ಅಂತ. ನಾನು ಪುಟ ಹಾರಿಸಿದ್ದೀನಿ ಅಂತ ಅವಳ ಅನುಮಾನ.

ಕೆಲವು ಕಡೆ ಎಳೆದಂತೆ ಆಗುತ್ತೆ ಅನ್ನೋದು ಈಗಲೂ ನನ್ನ ಅಭಿಪ್ರಾಯ, ನೂರು ಪುಟ ಕಡಿಮೆ ಇದ್ದರೂ ನಡೀತಿತ್ತು. ಇದನ್ನು ಅವ್ವನ ಮುಂದೆ ಹೇಳೋ ಹಾಗಿಲ್ಲ. ಕಣ್ಣು ಸರಿಯಾದ ಮೇಲೆ ಟಿವಿ ಹಚ್ಚಿದಳು, ಅರ್ಧ ತಾಸು ನೋಡಿ ಆರಿಸಿ, "ಎಲ್ಲಿಗೆ ನಿಲ್ಸಿದ್ದಿ?" ಅಂದಳು.