ಕಿಂಗ್ಸ್, ಶಾ, ರಟರ್: ಮೂರು ಕ್ಯಾರಲ್ ಸಂಗ್ರಹಗಳನ್ನು ಒಟ್ಟಿಗೆ ಕೇಳಿದಾಗ

ನಾನು ಕ್ವಾಯರ್‌ನಲ್ಲಿ, ಅಂದರೆ ಗುಂಪಾಗಿ ಹಾಡುವ ತಂಡದಲ್ಲಿ, ಆಲ್ಟೊ ಹಾಡುವವಳು. ಹೆಣ್ಣು ದನಿಗಳಲ್ಲಿ ಕೆಳಗಿನ ಸಾಲು ನಮ್ಮದು. ಹಾಡು ಕೇಳಿದವರು ಮನೆಗೆ ಹೋಗುತ್ತಾ ಗುನುಗುವುದು ಎಲ್ಲಕ್ಕಿಂತ ಮೇಲಿನ ಸೊಪ್ರಾನೊ ಸಾಲನ್ನು. ಆದರೆ ನಡುವಿನ ಸಾಲು ತೆಗೆದುಬಿಟ್ಟರೆ ಹಾಡಿನ ಹೊಟ್ಟೆಯೇ ಖಾಲಿ. ಅದಕ್ಕೇ ಕ್ರಿಸ್ಮಸ್ ಹಾಡುಗಳಾದ ಕ್ಯಾರಲ್‌ಗಳ ಯಾವ ರೆಕಾರ್ಡಿಂಗ್ ಹಾಕಿದರೂ ನನ್ನ ಕಿವಿ ಮೊದಲು ಹುಡುಕುವುದು ಆಲ್ಟೊವನ್ನೇ.

ಈ ಸಲ ಕ್ರಿಸ್ಮಸ್ ಪ್ರಾಕ್ಟೀಸ್ ಶುರುವಾಗುವ ಮೊದಲು ಮೂರು ಸಂಗ್ರಹಗಳನ್ನು ಇಟ್ಟುಕೊಂಡು ಒಂದು ತಿಂಗಳು ಕೇಳಿದೆ. ಒಂದು, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಕ್ವಾಯರ್ ಡೇವಿಡ್ ವಿಲ್‌ಕಾಕ್ಸ್ ಅವರ ಕೈಕೆಳಗೆ ಹಾಡಿದ ಹಳೆಯ ರೆಕಾರ್ಡಿಂಗ್‌ಗಳು. ಅವರು 1957ರಿಂದ 1974ರವರೆಗೆ ಅಲ್ಲಿ ಕ್ವಾಯರ್ ನಡೆಸಿದವರು. ಎರಡನೆಯದು, ಅಮೆರಿಕದ ರಾಬರ್ಟ್ ಶಾ ತಮ್ಮ ಚೇಂಬರ್ ಸಿಂಗರ್ಸ್ ಜೊತೆ ಮಾಡಿದ 1994ರ 'ಸಾಂಗ್ಸ್ ಆಫ್ ಏಂಜಲ್ಸ್'. ಮೂರನೆಯದು, ಜಾನ್ ರಟರ್ ಅವರ ಕೇಂಬ್ರಿಜ್ ಸಿಂಗರ್ಸ್ ಹಾಡಿದ 1987ರ 'ಕ್ರಿಸ್ಮಸ್ ನೈಟ್'. ಪ್ರತಿಯೊಂದನ್ನೂ ಒಂದು ಸಲ ಹೆಡ್‌ಫೋನ್‌ನಲ್ಲಿ, ಒಂದು ಸಲ ಕೋಣೆಯ ಸ್ಪೀಕರ್‌ನಲ್ಲಿ, ಆಮೇಲೆ ಸ್ವರಲಿಪಿ ಮುಂದಿಟ್ಟುಕೊಂಡು ಕೇಳಿದೆ.

ಕಿಂಗ್ಸ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಕ್ಯಾರಲ್ ಅಂದಕೂಡಲೇ ಬಹಳ ಜನರ ಕಿವಿಯಲ್ಲಿ ಏಳುವುದು ಅದೇ ದನಿ. ಬೈಬಲ್‌ನ ಒಂಬತ್ತು ಪಾಠ ಓದಿ ನಡುನಡುವೆ ಕ್ಯಾರಲ್ ಹಾಡುವ ಅಲ್ಲಿನ ಆರಾಧನೆ ಶುರುವಾದದ್ದು 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲಿನ ಮೊದಲ ಕ್ರಿಸ್ಮಸ್‌ಗೆ. 1928ರಲ್ಲಿ ಬಿಬಿಸಿ ರೇಡಿಯೊ ಅದನ್ನು ಮೊದಲು ಪ್ರಸಾರ ಮಾಡಿತು. 1919ರಿಂದ ಅಲ್ಲಿನ ಮೊದಲ ಹಾಡು 'ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ'. ಮೊದಲ ಚರಣ ಒಬ್ಬನೇ ಹುಡುಗನದು, ಹಿಂದೆ ಯಾವ ವಾದ್ಯವೂ ಇಲ್ಲ.

ಈ ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹುಡುಗನ ದನಿ ದೂರದಿಂದ ಬರುತ್ತದೆ. ಒಂದು ಸಾಲು ಮುಗಿದು ಅವನು ಉಸಿರು ತೆಗೆದುಕೊಳ್ಳುವಾಗಲೂ ಕಲ್ಲಿನ ಚಾವಣಿಯಲ್ಲಿ ಹಿಂದಿನ ಸ್ವರ ಇನ್ನೂ ತೇಲುತ್ತಿರುತ್ತದೆ. ಎರಡನೇ ಚರಣಕ್ಕೆ ಇಡೀ ಕ್ವಾಯರ್ ಸೇರುತ್ತದೆ, ಆಗಲೂ ಆರ್ಗನ್ ಇಲ್ಲ. ಮೂರನೇ ಚರಣಕ್ಕೆ ಆರ್ಗನ್ ಬರುತ್ತದೆ. ಹಾಡುವವರಿಗೆ ಎದೆ ಢವಢವ ಎನ್ನುವ ಜಾಗ ಇದೇ. ಎರಡು ಚರಣ ಬರಿಗೊರಳಲ್ಲಿ ಹಾಡಿದಾಗ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೂ ಆರ್ಗನ್ ಬಂದ ಕ್ಷಣ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಮ್ಮ ಕ್ವಾಯರ್‌ನಲ್ಲಿ ಎರಡು ವರ್ಷ ಹೀಗೇ ಇಳಿದು ಆ ಜಾಗದಲ್ಲಿ ಹಾಡು ಮುಗ್ಗರಿಸಿತ್ತು. ಅದನ್ನು ಅನುಭವಿಸಿದ ಮೇಲೆ ಕಿಂಗ್ಸ್‌ನವರು ಆ ಮೂರನೇ ಚರಣಕ್ಕೆ ನೇರವಾಗಿ ಕಾಲಿಡುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇನ್ನು ವಿಲ್‌ಕಾಕ್ಸ್ ಬರೆದ ಡೆಸ್ಕಂಟ್‌ಗಳು. ಎಲ್ಲರೂ ಧಾಟಿ ಹಾಡುತ್ತಿರುವಾಗ ಅದರ ಮೇಲಿನಿಂದ ಸೊಪ್ರಾನೊಗಳು ಹಾಡುವ ಬೇರೆಯೇ ಸಾಲು ಅದು. 1961ರ 'ಕ್ಯಾರಲ್ಸ್ ಫಾರ್ ಕ್ವಾಯರ್ಸ್' ಪುಸ್ತಕದಿಂದ ಅವು ಎಲ್ಲ ಕಡೆ ಹರಡಿದವು. ಕೊನೆಯ ಚರಣದಲ್ಲಿ ಆರ್ಗನ್ ಪೂರ್ತಿ ಬಿಚ್ಚಿಕೊಂಡು, ಹುಡುಗರ ದನಿ ಮೇಲಕ್ಕೆ ಚಿಮ್ಮಿದಾಗ ಕಿಂಗ್ಸ್‌ಗೆ ಸಮ ಯಾರೂ ಇಲ್ಲ.

ಆದರೆ ನನ್ನ ಆಲ್ಟೊ ಎಲ್ಲಿ? ಕಿಂಗ್ಸ್‌ನಲ್ಲಿ ಆ ಸಾಲನ್ನು ಹಾಡುವವರು ದೊಡ್ಡ ಗಂಡಸರು. ಪ್ರತಿಧ್ವನಿ ಜಾಸ್ತಿ ಇರುವುದರಿಂದ ನಡುವಿನ ಸಾಲುಗಳು ಕರಗಿ ಒಂದಾಗುತ್ತವೆ. ಪದಗಳೂ ಅಷ್ಟೆ, ಹಾಡು ಮೊದಲೇ ಗೊತ್ತಿಲ್ಲದವರಿಗೆ ಅರ್ಧ ತಿಳಿಯುವುದಿಲ್ಲ. ಫೋನಿನ ಪುಟ್ಟ ಸ್ಪೀಕರ್‌ನಲ್ಲಂತೂ ಹುಡುಗನ ಮೊದಲ ಚರಣ ಕೇಳಿಸುವುದೇ ಕಷ್ಟ. ಜೋರು ಮಾಡಿದಿರೋ, ಆರ್ಗನ್ ಬಂದಾಗ ಕಿವಿಗೆ ಹೊಡೆಯುತ್ತದೆ. ಇದನ್ನು ಒಳ್ಳೆಯ ಹೆಡ್‌ಫೋನ್‌ನಲ್ಲೇ ಕೇಳಬೇಕು, ಹಾಡುಗಳ ಕ್ರಮ ಕಲಕದೇ ಕೇಳಬೇಕು.

ಶಾ ಅವರ ಸಂಗ್ರಹ ಹಾಕಿದಾಗ ಚರ್ಚಿನ ಹಿಂದಿನ ಸಾಲಿನಿಂದ ಎದ್ದುಬಂದು ಹಾಡುವವರ ಪಕ್ಕದಲ್ಲೇ ಕೂತಂತಾಯಿತು. ಇಡೀ ಸಂಗ್ರಹದಲ್ಲಿ ವಾದ್ಯವೇ ಇಲ್ಲ, ಬರೀ ಕಂಠ. ಒಂದೇ ಪದದ ಕೊನೆಯ ವ್ಯಂಜನವನ್ನು ಅಷ್ಟೂ ಜನ ಒಟ್ಟಿಗೆ ಮುಚ್ಚುತ್ತಾರೆ. 'ನೈಟ್' ಎಂದಾಗ ಆ 'ಟ್' ಒಂದೇ ಸಲ ಕೇಳುತ್ತದೆ, ಚದುರುವುದಿಲ್ಲ. ಇದರ ಹಿಂದೆ ಶಾ ಅವರ ಪ್ರಾಕ್ಟೀಸ್ ಕ್ರಮ ಇದೆ. ಪದ ಹಾಡುವ ಮೊದಲು ಅದೇ ಸ್ವರಗಳ ಮೇಲೆ ತಾಳದ ಎಣಿಕೆಯನ್ನೇ ಹಾಡಿಸುತ್ತಿದ್ದರು: 'ಒನ್ ಆ್ಯಂಡ್ ಟೂ ಆ್ಯಂಡ್ ಟೀ ಆ್ಯಂಡ್ ಫೋರ್ ಆ್ಯಂಡ್'. 'ತ್ರೀ' ಬದಲು 'ಟೀ', ಯಾಕೆಂದರೆ ಅದು ನಾಲಿಗೆಗೆ ಚುರುಕು. ನಾವೂ ಒಂದು ಹಾಡಿಗೆ ಇದನ್ನು ಮಾಡಿ ನೋಡಿದೆವು. ಮೊದಲ ಹತ್ತು ನಿಮಿಷ ಎಲ್ಲರಿಗೂ ಕಿರಿಕಿರಿ. ಆಮೇಲೆ ಪದ ಹಾಕಿ ಹಾಡಿದಾಗ ಉದ್ದ ಸ್ವರಗಳನ್ನು ಎಲ್ಲರೂ ಒಂದೇ ಕಡೆ ನಿಲ್ಲಿಸಿದೆವು, ಯಾರೂ ಸನ್ನೆ ಮಾಡದೆಯೇ!

'ಸೈಲೆಂಟ್ ನೈಟ್' ಕೂಡ ಶಾ ಅವರಲ್ಲೇ ನನಗೆ ಜಾಸ್ತಿ ಹಿಡಿಸಿತು. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಇದನ್ನು ಮೊದಲು ಹಾಡಿದ್ದು ಪಾದ್ರಿ ಯೋಸೆಫ್ ಮೋರ್ ಮತ್ತು ಧಾಟಿ ಕಟ್ಟಿದ ಫ್ರಾಂಟ್ಸ್ ಗ್ರೂಬರ್, ಇಬ್ಬರೇ, ಒಂದು ಗಿಟಾರ್ ಜೊತೆ. ಹುಟ್ಟಿನಿಂದಲೇ ಸಣ್ಣ ಕೋಣೆಗೆ ಒಗ್ಗುವ ಹಾಡು. ಅದಕ್ಕೆ ದೊಡ್ಡ ಆರ್ಗನ್ ಬೇಡ.

ಕಿಂಗ್ಸ್, ಶಾ ಎರಡನ್ನೂ ಒಟ್ಟಿಗೆ ಕೇಳುವವರಿಗೆ ಒಂದು ಮಾತು. 'ಓ ಲಿಟಲ್ ಟೌನ್ ಆಫ್ ಬೆತ್ಲೆಹೆಮ್' ಎಂಬ ಹೆಸರು ನೋಡಿ ಅದೇ ಹಾಡು ಅಂದುಕೊಳ್ಳಬೇಡಿ. ಪದಗಳು ಒಂದೇ, ಅಮೆರಿಕದ ಫಿಲಿಪ್ಸ್ ಬ್ರೂಕ್ಸ್ ಬರೆದದ್ದು. ಶಾ ಹಾಡಿಸುವುದು 1868ರಲ್ಲಿ ಬ್ರೂಕ್ಸ್ ಅವರ ಚರ್ಚಿನ ಆರ್ಗನ್ ವಾದಕ ಲೂಯಿಸ್ ರೆಡ್ನರ್ ಕಟ್ಟಿದ ಧಾಟಿಯನ್ನು. ಕಿಂಗ್ಸ್‌ನವರು ಹಾಡುವುದು 'ಫಾರೆಸ್ಟ್ ಗ್ರೀನ್' ಎಂಬ ಇಂಗ್ಲಿಷ್ ಜಾನಪದ ಧಾಟಿ. ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಇಂಗ್ಲೆಂಡಿನ ಸರ್ರೆಯ ಹಳ್ಳಿಯೊಂದರಲ್ಲಿ ಅದನ್ನು ಕೇಳಿ ಬರೆದುಕೊಂಡು 1906ರ 'ಇಂಗ್ಲಿಷ್ ಹಿಮ್ನಲ್' ಎಂಬ ಚರ್ಚ್ ಹಾಡುಗಳ ಪುಸ್ತಕಕ್ಕೆ ಸೇರಿಸಿದರು. ರೆಡ್ನರ್ ಧಾಟಿ ಕಿವಿಯಲ್ಲಿ ಗುಟ್ಟು ಹೇಳಿದ ಹಾಗಿದೆ. ಫಾರೆಸ್ಟ್ ಗ್ರೀನ್ ಬೆಳಗ್ಗೆ ಗದ್ದೆ ಬದುವಿನ ಮೇಲೆ ನಡೆದ ಹಾಗೆ. 'ಕತ್ತಲ ಬೀದಿಗಳಲ್ಲಿ ಬೆಳಕು' ಎನ್ನುವ ಆ ಪದಗಳಿಗೆ ರೆಡ್ನರ್ ಧಾಟಿಯೇ ಸರಿ ಅಂತ ನನಗೆ ಅನ್ನಿಸುತ್ತದೆ. ಇಂಗ್ಲಿಷ್ ಧಾಟಿಯಲ್ಲಿ ಬೆಳೆದವರು ಇದನ್ನು ಖಂಡಿತ ಒಪ್ಪುವುದಿಲ್ಲ.

ರಟರ್ ಅವರದ್ದು ಬೇರೆಯೇ ದಾರಿ. ಕೇಂಬ್ರಿಜ್ ಸಿಂಗರ್ಸ್‌ನಲ್ಲಿ ಹುಡುಗರಿಲ್ಲ, ದೊಡ್ಡ ಹೆಂಗಸರು ಗಂಡಸರು ಹಾಡುತ್ತಾರೆ. ಕೆಲವು ಹಾಡುಗಳಿಗೆ ಸಿಟಿ ಆಫ್ ಲಂಡನ್ ಸಿನ್‌ಫೋನಿಯಾ ವಾದ್ಯವೃಂದವೂ ಇದೆ. ದನಿ ನುಣುಪು, ಬೆಚ್ಚಗೆ. ಎಲ್ಲರೂ ಎದ್ದುನಿಂತು ಕೂಗಿ ಹಾಡುವಂಥವು ಇದರಲ್ಲಿ ಕಡಿಮೆ, ತೊಟ್ಟಿಲ ಪಕ್ಕದ ಹಾಡುಗಳೇ ಹೆಚ್ಚು. ಹ್ಯಾರಲ್ಡ್ ಡಾರ್ಕ್ ಧಾಟಿಯ 'ಇನ್ ದ ಬ್ಲೀಕ್ ಮಿಡ್‌ವಿಂಟರ್' ಇಲ್ಲಿ ಬಹಳ ಚೆನ್ನಾಗಿದೆ. ಆದರೆ ಹಳೆಯ ಸಾಂಪ್ರದಾಯಿಕ ಕ್ಯಾರಲ್ ಮಾತ್ರ ಬೇಕು ಅನ್ನುವವರು ಗಮನಿಸಿ: ರಟರ್ ತಾವೇ ರಚಿಸಿದ 'ಕ್ಯಾಂಡಲ್‌ಲೈಟ್ ಕ್ಯಾರಲ್', 'ನೇಟಿವಿಟಿ ಕ್ಯಾರಲ್' ಮುಂತಾದವೂ ನಡುನಡುವೆ ಇವೆ. ಅವು ಚೆಂದವೇ. ಆದರೆ ನಾಲ್ಕೈದು ಹಾಡು ಸಾಲಾಗಿ ಕೇಳಿದ ಮೇಲೆ ಎಲ್ಲಕ್ಕೂ ಒಂದೇ ಜೇನು ಸವರಿದ ಹಾಗೆ ಅನ್ನಿಸಿತು. ಮನೆಯಲ್ಲಿ ಎಲ್ಲರೂ ಮಾತಾಡುತ್ತಾ ಕೆಲಸ ಮಾಡುತ್ತಾ ಇರುವಾಗ ಹಿಂದೆ ಹಾಕಲು ಮೂರರಲ್ಲಿ ಇದೇ ಒಳ್ಳೆಯದು.

ಒಂದೇ ಆರಿಸಿಕೊಳ್ಳಿ ಅಂದರೆ ನನ್ನ ಆಯ್ಕೆ ಶಾ. ತಿಂಗಳ ಶುರುವಿನಲ್ಲಿ ಕಿಂಗ್ಸ್ ಅಂತಲೇ ಅಂದುಕೊಂಡಿದ್ದೆ. ಮನಸ್ಸು ಬದಲಾಯಿಸಿದ್ದು 'ಕಾವೆಂಟ್ರಿ ಕ್ಯಾರಲ್'. ಇಂಗ್ಲೆಂಡಿನ ಕಾವೆಂಟ್ರಿ ಊರಿನ ದರ್ಜಿಗಳೂ ಉಣ್ಣೆ ಬಟ್ಟೆಯ ಮೇಲಿನ ಎಳೆ ಕತ್ತರಿಸಿ ನುಣುಪು ಮಾಡುವವರೂ ಸೇರಿ ಆಡುತ್ತಿದ್ದ ಹಳೆಯ ನಾಟಕದ ಹಾಡು ಅದು. ಹೆರೋದ ರಾಜ ಊರಿನ ಗಂಡು ಕೂಸುಗಳನ್ನೆಲ್ಲ ಕೊಲ್ಲಿಸಲು ಹೊರಟಾಗ ತಾಯಂದಿರು ಮಕ್ಕಳು ಅಳದಿರಲೆಂದು ಹಾಡುವ ಜೋಗುಳ. ಕ್ರಿಸ್ಮಸ್ ಹಾಡುಗಳಲ್ಲಿ ಇಷ್ಟು ಸಂಕಟದ್ದು ಇನ್ನೊಂದು ನನಗೆ ಗೊತ್ತಿಲ್ಲ. ರಾತ್ರಿ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದೆ. ಶಾ ಅವರ ಹಾಡುಗಾರರು 'ಲುಲ್ಲೇ, ಲುಲ್ಲೇ' ಎನ್ನುವಾಗ ದನಿ ಏರಿಸುವುದೇ ಇಲ್ಲ, ಪಕ್ಕದ ಕೋಣೆಯಲ್ಲಿ ಯಾರಿಗೋ ಕೇಳಿಸಬಾರದು ಎಂಬಂತೆ. ಆ ಮೆಲುದನಿಯ ಒಳಗೂ ಆಲ್ಟೊ ಸಾಲು ನನಗೆ ಬಿಡಿಯಾಗಿ ಕೇಳಿಸಿತು. ಗೊತ್ತಿಲ್ಲದೆಯೇ ಜೊತೆಗೆ ಹಾಡತೊಡಗಿದ್ದೆ.