ಚೇರಂಬಾಣೆಯ ಅಡುಗೆಮನೆಯಲ್ಲಿ ಯಾವ ರೇಡಿಯೊ ನಿಲ್ಲುತ್ತದೆ?

ಹಳೆಯ ಕನ್ನಡ ಚಿತ್ರಗೀತೆಗಳನ್ನೇ ನಂಬಿಕೊಂಡಿದ್ದ ಮೈಸೂರು ಕಡೆಯ ಒಂದು ಖಾಸಗಿ ಎಫ್‌ಎಂ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ವೇಷ ಬದಲಿಸಿತು. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಬರುತ್ತಿದ್ದೆ. ಕಾರಿನ ಗುಂಡಿ ಅದೇ, ಅಂಕಿ ಅದೇ, ಒಳಗಿನ ದನಿ ಮಾತ್ರ ಬೇರೆ. ಎಪ್ಪತ್ತರ ದಶಕದ ಹಾಡು ಬರಬೇಕಾದ ಕಡೆ ಕಳೆದ ವಾರ ಬಿಡುಗಡೆಯಾದ ಚಿತ್ರದ ಹಾಡು, ಅದರ ಬೆನ್ನಿಗೆ ಇಬ್ಬರು ನಿರೂಪಕರು ಒಬ್ಬರ ಮಾತನ್ನು ಇನ್ನೊಬ್ಬರು ನುಂಗುತ್ತಾ ನಗುವ ಸದ್ದು. ಯಾರಿಗಾದರೂ ಮೊದಲೇ ಹೇಳಿದ್ದರೋ ಇಲ್ಲವೋ, ನನಗಂತೂ ಹೇಳಿರಲಿಲ್ಲ. ಮನೆಗೆ ಬಂದು ಗೊಣಗಿದಾಗ ಅತ್ತೆ ಕಾಫಿ ಲೋಟ ಮುಂದಿಟ್ಟು, "ನಿನಗೆ ಹಾಡು ಬೇಕೋ, ಸುದ್ದಿ ಬೇಕೋ, ಅದನ್ನು ಮೊದಲು ತೀರ್ಮಾನ ಮಾಡು" ಎಂದರು.

ತೀರ್ಮಾನ ಮಾಡಲಾಗಲಿಲ್ಲ. ಅದರ ಬದಲು ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲಿನಿಂದ ಮುಂಗಾರು ಹಿಡಿಯುವವರೆಗೆ, ಎರಡು ತಿಂಗಳು ಸಿಕ್ಕಿದ್ದನ್ನೆಲ್ಲ ಕೇಳಿ ನೋಡಿದೆ. ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆಯ ಹತ್ತಿರ, ಎರಡು ಗುಡ್ಡಗಳ ನಡುವಿನ ಮಡಿಲಿನಲ್ಲಿ. ಪರೀಕ್ಷೆಗೆ ಇದ್ದದ್ದು ಮೂರೇ ಸಾಮಾನು: ಮಾವ ಕೊಂಡಿದ್ದ ಫಿಲಿಪ್ಸ್ ಟ್ರಾನ್ಸಿಸ್ಟರ್, ಕಾರಿನ ರೇಡಿಯೊ, ನನ್ನ ಮೊಬೈಲ್.

ಮೊದಲು ಅಂಕಿಗಳ ತಮಾಷೆ ಹೇಳಬೇಕು. ಕೊಡಗಿನಲ್ಲಿ ನಿಂತು ಮುಳ್ಳು ತಿರುಗಿಸಿದರೆ 100ರಿಂದ 104ರ ನಡುವೆ ಸಂತೆ ನೆರೆದಿರುತ್ತದೆ. ಮಂಗಳೂರು ಆಕಾಶವಾಣಿ 100.3, ಮೈಸೂರು 100.6, ಕಣ್ಣೂರು 101.5, ಹಾಸನ 102.2, ನಮ್ಮ ಮಡಿಕೇರಿ 103.1. ಡಿಜಿಟಲ್ ಅಂಕಿ ತೋರಿಸುವ ಕಾರಿನಲ್ಲಿ ಇವೆಲ್ಲ ಬೇರೆ ಬೇರೆ ಮನೆಗಳು. ಹಳೆಯ ಟ್ರಾನ್ಸಿಸ್ಟರಿನಲ್ಲಿ 100.3ಕ್ಕೂ 100.6ಕ್ಕೂ ನಡುವೆ ಇರುವುದು ಮುಳ್ಳಿನ ದಪ್ಪದಷ್ಟು ಜಾಗ. ಎಫ್‌ಎಂ ಅಲೆ ನೇರವಾಗಿ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಹಾಗಾಗಿ ಸಂಪಾಜೆ ಘಾಟಿ ಇಳಿಯುವಾಗ ಮಂಗಳೂರು ಗೆಲ್ಲುತ್ತದೆ, ಕುಶಾಲನಗರದ ಬಯಲಿಗೆ ಬಂದರೆ ಮೈಸೂರು ಗೆಲ್ಲುತ್ತದೆ. ಮಡಿಕೇರಿಯ ಎತ್ತರದ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಟ್ರಾನ್ಸಿಸ್ಟರನ್ನು ಬಾನೆಟ್ ಮೇಲೆ ಇಟ್ಟೆ. ಎಡಕ್ಕೆ ತಿರುಗಿಸಿದರೆ ತುಳು, ಬಲಕ್ಕೆ ತಿರುಗಿಸಿದರೆ ಮೈಸೂರಿನ ಕನ್ನಡ. ನಡುವೆ ಹಿಡಿದರೆ ಎರಡೂ ಬೆರೆಯಲಿಲ್ಲ. ಒಂದು ಕ್ಷಣ ಇದು, ಮರುಕ್ಷಣ ಅದು. ಎಫ್‌ಎಂ ಸೆಟ್ಟು ಬಲವಾದ ಅಲೆಯನ್ನು ಹಿಡಿದು ದುರ್ಬಲವಾದದ್ದನ್ನು ಮುಚ್ಚಿಬಿಡುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗೆದ್ದವರು ಸೋತರು.

ಗುಣದಲ್ಲಿ ಇವೆರಡನ್ನು ಹೋಲಿಸುವುದಾದರೆ ನನ್ನ ಓಟು ಮಂಗಳೂರಿಗೆ. 1976ರಿಂದ ನಡೆಯುತ್ತಿರುವ ಆ ನಿಲಯಕ್ಕೆ ತನ್ನ ಊರು ಯಾವುದು ಎಂಬುದು ಚೆನ್ನಾಗಿ ಗೊತ್ತಿದೆ. ತುಳು, ಕೊಂಕಣಿ, ಬ್ಯಾರಿ, ಯಕ್ಷಗಾನ, ಎಲ್ಲಕ್ಕೂ ಅಲ್ಲಿ ಜಾಗ. ಮೈಸೂರಿನದ್ದು ದೊಡ್ಡ ಮನೆತನ. ಆಕಾಶವಾಣಿ ಎಂಬ ಹೆಸರೇ ಅಲ್ಲಿಂದ ಬಂದದ್ದು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಖಾಸಗಿಯಾಗಿ ಆರಂಭಿಸಿದ ಕೇಂದ್ರದಿಂದ. ಶಾಸ್ತ್ರೀಯ ಸಂಗೀತಕ್ಕೆ ಈಗಲೂ ನಾನು ಅಲ್ಲಿಗೇ ಹೋಗುತ್ತೇನೆ. ಆದರೆ ಎರಡೂ ನಮ್ಮ ಅಡುಗೆಮನೆಗೆ ತಲುಪುವುದಿಲ್ಲ. ತಲುಪದ ಒಳ್ಳೆಯದನ್ನು ಕಟ್ಟಿಕೊಂಡು ಏನು ಮಾಡಲಿ? ಅವು ಪ್ರಯಾಣದ ರೇಡಿಯೊಗಳು, ಅಷ್ಟೇ.

ಖಾಸಗಿ ಎಫ್‌ಎಂಗಳ ಮೇಲೆ ಸಿಟ್ಟಿದ್ದರೂ ನ್ಯಾಯವಾಗಿ ಕೇಳಬೇಕೆಂದು ಒಂದು ವಾರ ಅವುಗಳಿಗೇ ಮೀಸಲಿಟ್ಟೆ. ಕುಶಾಲನಗರಕ್ಕೆ ಕರಿಮೆಣಸು ಮಾರಲು ಹೋದಾಗ, ಮೈಸೂರಿಗೆ ಹೋದಾಗ. ಧ್ವನಿ ಚೊಕ್ಕ, ನಿರೂಪಕರು ಚುರುಕು, ಮಧ್ಯೆ ಮಧ್ಯೆ ಚಿನ್ನದಂಗಡಿ. ಅವರು ಸ್ವಂತ ಸುದ್ದಿ ಓದುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡಬಹುದು ಎಂಬುದು ನಿಯಮ. ಆದರೆ ಸುದ್ದಿಯಿಲ್ಲ ಎಂಬುದಕ್ಕೆ ಪೂರ್ತಿ ನಿಯಮವನ್ನೇ ದೂರುವುದೂ ಸರಿಯಲ್ಲ. ಖಾಸಗಿ ಎಫ್‌ಎಂಗಳಿಗಾಗಿ ಕೇಂದ್ರ ಸರ್ಕಾರ ತಂದ 2011ರ ಮೂರನೇ ಹಂತದ ನೀತಿಯಲ್ಲಿ ಹವಾಮಾನ, ಸಂಚಾರ, ವಿದ್ಯುತ್ತು, ನೀರು, ಪರೀಕ್ಷಾ ಫಲಿತಾಂಶ, ಆಡಳಿತ ಕೊಡುವ ವಿಪತ್ತಿನ ಸೂಚನೆ, ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ ಎಂದೇ ಇದೆ. ಹೇಳಬಹುದು, ಹೇಳುತ್ತಾರೆ ಕೂಡ. ಆದರೆ ಅವರ ಮಳೆ ಮೈಸೂರಿನ ಮಳೆ, ಅವರ ಸಂಚಾರ ಮೈಸೂರಿನ ವರ್ತುಲ ರಸ್ತೆ. ಜಾಹೀರಾತು ಎಲ್ಲಿಂದ ಬರುತ್ತದೋ ಮಾತೂ ಅಲ್ಲಿಯದೇ. ಅದರಲ್ಲಿ ತಪ್ಪೇನಿಲ್ಲ, ನಾನು ಅವರ ಗಿರಾಕಿಯಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಹರಾಜಿಗೆ ಒಪ್ಪಿದಾಗ ನಮ್ಮ ಮನೆಯ ಯಜಮಾನರು ಬಹಳ ಖುಷಿಪಟ್ಟಿದ್ದರು. ಗುಡ್ಡ ಜಾಸ್ತಿ, ಅಂಗಡಿ ಕಡಿಮೆ ಇರುವ ಜಿಲ್ಲೆಯಲ್ಲಿ ದುಡ್ಡು ಹಾಕುವವರು ಯಾರು ಎಂಬ ನನ್ನ ಪ್ರಶ್ನೆಗೆ ಮಾತ್ರ ಅವರು ಉತ್ತರ ಕೊಡಲಿಲ್ಲ.

ಕೇರಳದ ನಿಲಯಗಳು ವಿರಾಜಪೇಟೆ ದಾಟಿ ಮಾಕುಟ್ಟದ ಕಡೆ ಇಳಿದರೆ ಒಂದರ ಮೇಲೊಂದು ಬೀಳುತ್ತವೆ. ಮಲಯಾಳ ಗೊತ್ತಿದ್ದವರಿಗೆ ಹಬ್ಬ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಕಣ್ಣೂರು ಆಕಾಶವಾಣಿಯೇ ಸರ್ವಸ್ವ. ನನಗೆ ಅರ್ಧ ಅರ್ಥವಾಗುತ್ತದೆ, ಹಾಡಿಗೆ ಅಷ್ಟು ಸಾಕು.

ಇನ್ನು ಮೊಬೈಲ್. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಇನ್ನೂರಕ್ಕೂ ಹೆಚ್ಚು ವಾಹಿನಿಗಳಿವೆ. ಗುಡ್ಡದ ನೆರಳಿಲ್ಲ, ಗೊರಗೊರ ಇಲ್ಲ. ಧಾರವಾಡವನ್ನೂ ಕೇಳಬಹುದು, ಭದ್ರಾವತಿಯನ್ನೂ ಕೇಳಬಹುದು. ಮೊದಲ ವಾರ ಮದುವೆಮನೆಗೆ ಹೋದ ಮಗುವಿನಂತೆ ಎಲ್ಲವನ್ನೂ ರುಚಿ ನೋಡಿದೆ. ಅಡುಗೆಮನೆಯಲ್ಲಿ ಟ್ರಾನ್ಸಿಸ್ಟರಿನ ಪಕ್ಕ ಮೊಬೈಲ್ ಇಟ್ಟು ಎರಡರಲ್ಲೂ ಮಡಿಕೇರಿಯನ್ನೇ ಹಾಕಿದಾಗ ಜಗಳ ಶುರುವಾಯಿತು. ಮೊಬೈಲ್ ಅರ್ಧ ನಿಮಿಷ ಹಿಂದೆ. ವಾರ್ತೆಗೆ ಮುಂಚಿನ ಪೀಪ್ ಸದ್ದಿಗೆ ಗೋಡೆ ಗಡಿಯಾರ ಸರಿಮಾಡುವುದು ಅತ್ತೆಯ ಐವತ್ತು ವರ್ಷದ ಅಭ್ಯಾಸ. ಟ್ರಾನ್ಸಿಸ್ಟರಿನಲ್ಲಿ ಪೀಪ್ ಮುಗಿದು ವಾರ್ತೆ ಆರಂಭವಾದ ಮೇಲೆ ಮೊಬೈಲಿನಲ್ಲಿ ಪೀಪ್ ಬಂತು. "ಇದರಲ್ಲಿ ಗಂಟೆಯೂ ಸುಳ್ಳು" ಎಂದು ಅವರು ಆ ಯಂತ್ರವನ್ನು ಶಾಶ್ವತವಾಗಿ ತಿರಸ್ಕರಿಸಿದರು.

ಅವರ ತಿರಸ್ಕಾರಕ್ಕೆ ಜೂನ್‌ನಲ್ಲಿ ಇನ್ನೊಂದು ಕಾರಣ ಸಿಕ್ಕಿತು. ಮರ ಬಿದ್ದು ಕರೆಂಟು ಹೋಯಿತು. ಟವರಿನ ಬ್ಯಾಟರಿ ಸಂಜೆಯವರೆಗೆ ಉಸಿರು ಹಿಡಿದುಕೊಂಡಿತ್ತು, ಆಮೇಲೆ ಅದೂ ಹೋಯಿತು. ಇನ್ನೂರು ವಾಹಿನಿಗಳು ಒಟ್ಟಿಗೆ ಮಾಯ. ಮೊಬೈಲಿನೊಳಗೇ ಎಫ್‌ಎಂ ಇದ್ದರೆ ಇಂಟರ್‌ನೆಟ್ ಬೇಡ, ವೈರಿನ ಇಯರ್‌ಫೋನ್ ಸಿಕ್ಕಿಸಿದರೆ ಅದೇ ಏರಿಯಲ್. ಈ ಸೌಲಭ್ಯವನ್ನು ಮುಚ್ಚಬೇಡಿ ಎಂದು 2023ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ತಯಾರಕರಿಗೆ ಸೂಚಿಸಿತ್ತು. ನನ್ನ ಫೋನಿನಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತೇ ಇಲ್ಲ. ತೋಟದ ಆಳುಗಳಿರುವ ಲೈನ್‌ಮನೆಯ ಹುಡುಗನ ಹತ್ತಿರ ಇರುವ ಗುಂಡಿ ಫೋನಿನಲ್ಲಿ ಇದೆ. ಆ ಮೂರು ದಿನ ತೋಟದಲ್ಲಿ ಅವನೇ ವಾರ್ತಾಧಿಕಾರಿ.

ಹೀಗೆ ಸುತ್ತಿ ಬಂದು ನಿಂತದ್ದು 103.1ರ ಮುಂದೆ. ಅಲ್ಲಿಯೂ ಎಲ್ಲ ಸಲೀಸಲ್ಲ. ನಮ್ಮ ಮಡಿಲಿಗೆ ಮಡಿಕೇರಿಯ ಅಲೆ ಗುಡ್ಡದ ಅಂಚಿನಿಂದ ಜಾರಿ ಬರಬೇಕು, ಮಂಜು ಮುಸುಕಿದ ದಿನ ಹಿನ್ನೆಲೆಯಲ್ಲಿ ಎಣ್ಣೆ ಕಾದ ಹಾಗೆ ಚೊರ್ ಎನ್ನುತ್ತಿರುತ್ತದೆ. ಇದಕ್ಕೊಂದು ಉಪಾಯ ಮಾಡಿದೆ. 103.1ರ ಅಲೆಯ ಉದ್ದ ಸುಮಾರು 2.9 ಮೀಟರ್, ಅದರ ಕಾಲು ಭಾಗ 73 ಸೆಂಟಿಮೀಟರ್. ಅಷ್ಟು ಉದ್ದದ ತಾಮ್ರದ ತಂತಿ ಕತ್ತರಿಸಿ, ಟ್ರಾನ್ಸಿಸ್ಟರಿನ ಮುರಿದ ಏರಿಯಲ್ಲಿನ ಮೋಟಿಗೆ ಸುತ್ತಿ, ಕಿಟಕಿಯ ಮರದ ಚೌಕಟ್ಟಿಗೆ ನೆಟ್ಟಗೆ ಮೊಳೆ ಹೊಡೆದು ಕಟ್ಟಿದೆ. ಮೊದಲು ಎರಡು ಮೀಟರ್ ತಂತಿ ಕಟ್ಟಿ ಜಾಸ್ತಿಯಾದರೆ ಜಾಸ್ತಿ ಹಿಡಿಯುತ್ತದೆ ಎಂದುಕೊಂಡಿದ್ದೆ. ಅದು ಹಿಡಿದದ್ದು ಎಲ್‌ಇಡಿ ಬಲ್ಬಿನ ಕಿರಿಕಿರಿಯನ್ನು. 73ಕ್ಕೆ ಇಳಿಸಿದ ಮೇಲೆ ಎಣ್ಣೆ ಆರಿತು. ಅಂಕಿ ಹುಡುಕುವ ಕಷ್ಟವೂ ಬೇಡವೆಂದು ಅತ್ತೆ ನನ್ನ ಸ್ಟಿಕ್ಕರ್ ಬಿಂದಿಯೊಂದನ್ನು ಗಾಜಿನ ಮೇಲೆ 103ರ ಬಲಕ್ಕೆ ಅಂಟಿಸಿದ್ದಾರೆ.

ಹಾಡಿನ ಆಯ್ಕೆಯಲ್ಲಿ ಮಡಿಕೇರಿ ಖಾಸಗಿಯವರಿಗೆ ಸಾಟಿಯಲ್ಲ, ನಿರೂಪಣೆಯಲ್ಲಿ ಕೆಲವು ಸಲ ಪಂಚಾಯಿತಿ ಸಭೆಯ ನಡಾವಳಿ ಓದಿದಂತಿರುತ್ತದೆ. ನಾನೇನೂ ಮುಚ್ಚಿಡುವುದಿಲ್ಲ. ಆದರೆ ಕನ್ನಡದ ಜೊತೆ ಕೊಡವ ಮತ್ತು ನಮ್ಮ ಮನೆಮಾತಾದ ಅರೆಭಾಷೆ ಇರುವ ರೇಡಿಯೊ ಈ ಐದಾರರಲ್ಲಿ ಅದೊಂದೇ. ಅರೆಭಾಷೆಯ ಹೊತ್ತಿಗೆ ಅತ್ತೆ ಒಲೆಯ ಉರಿ ತಗ್ಗಿಸುತ್ತಾರೆ, ಕುಕ್ಕರ್ ಕೂಗಬಾರದೆಂದು. ಶಾಲೆಯಲ್ಲಿ ಮಾತಾಡಿದರೆ ಮೇಷ್ಟರು ತಿದ್ದುತ್ತಿದ್ದ ಮಾತು ಅದು. ಪೆಟ್ಟಿಗೆಯೊಳಗಿಂದ ಬಂದಾಗ ಅವರು ಕೇಳುವ ರೀತಿಯೇ ಬೇರೆ. ನಡುವೆ ತಲೆಯಾಡಿಸಿ, "ಈ ಮಾತು ನಮ್ಮ ಕಡೆ ಹೀಗಲ್ಲ, ಸುಳ್ಯದವರು ಹೀಗೆ ಹೇಳುತ್ತಾರೆ" ಎಂದು ತಕರಾರು ತೆಗೆಯುತ್ತಾರೆ. ತಕರಾರು ತೆಗೆಯಬೇಕಾದರೂ ಮಾತು ನಮ್ಮದಿರಬೇಕಲ್ಲ.

ಮಳೆಗಾಲದಲ್ಲಿ ಸ್ಪರ್ಧೆಯೇ ಇಲ್ಲ. ಮಡಿಕೇರಿ ಕಸಬಾ, ನಾಪೋಕ್ಲು, ಸಂಪಾಜೆ, ಭಾಗಮಂಡಲ ಎಂದು ಹೋಬಳಿವಾರು ಮಳೆಯ ಅಂಕಿ ಕಿವಿಗೆ ಬೀಳಬೇಕು. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ ಎಂಬುದು ನಮ್ಮ ಮಗನಿಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿತ್ತು. ಅಂಕಿ ಬರುವುದು ಮಿಲಿಮೀಟರಿನಲ್ಲಿ, ಕೊಡಗಿನ ಲೆಕ್ಕ ಇಂಚು ಮತ್ತು ಸೆಂಟು, ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ. ಅತ್ತೆ ಸೌಟು ಹಿಡಿದುಕೊಂಡೇ ಇಪ್ಪತ್ತೈದರಿಂದ ಭಾಗಿಸುತ್ತಾರೆ. ನೂರಾ ಎರಡು ಮಿಲಿಮೀಟರ್ ಎಂದರೆ ನಾಲ್ಕು ಇಂಚು ಚಿಲ್ಲರೆ, ಅಂದರೆ ಭಾಗಮಂಡಲದಲ್ಲಿ ಸಂಗಮ ತುಂಬುತ್ತದೆ, ನಾಪೋಕ್ಲು ರಸ್ತೆಗೆ ನೀರು ಬರುತ್ತದೆ, ಹಾಗಾದರೆ ನಾಳೆ ಕೆಲಸಕ್ಕೆ ಆ ಕಡೆಯ ಆಳುಗಳು ಬರುವುದಿಲ್ಲ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟರೋ ಇಲ್ಲವೋ ಎಂಬುದಕ್ಕೆ ಮಗ ಬಿಂದಿಯ ಮುಂದೆ ಕೈಮುಗಿದು ಕೂರುತ್ತಾನೆ.

ಮೊದಲೆಲ್ಲ ಇಂಥದ್ದಕ್ಕೆ ಮಾವನಿಗೆ ದಿಕ್ಕು ಮಧ್ಯಮ ತರಂಗ, ಅಂದರೆ ಮೀಡಿಯಂ ವೇವ್. ತೊಂಬತ್ತರ ದಶಕದಲ್ಲಿ ಮಡಿಕೇರಿಗೆ ನಿಲಯ ಬರುವ ಮೊದಲು ಮಂಗಳೂರಿನ 1089, ರಾತ್ರಿಯಾದರೆ ಬೆಂಗಳೂರಿನ 612. ಆ ಅಲೆ ಗುಡ್ಡ ಹತ್ತಿ ಇಳಿಯುತ್ತಿತ್ತು, ಗುಡುಗಿಗೆ ಮಾತ್ರ ಹೆದರುತ್ತಿತ್ತು. ದೇಶದಲ್ಲಿ ಆ ಪ್ರಸಾರ ಯಂತ್ರಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಿದ್ದಾರೆ. ಟ್ರಾನ್ಸಿಸ್ಟರನ್ನು ಆ ಬ್ಯಾಂಡಿಗೆ ಹೊರಳಿಸಿದರೆ ಈಗ ನಮ್ಮ ಇನ್ವರ್ಟರೇ ಮಾತಾಡುತ್ತದೆ. ಬ್ಯಾಂಡ್ ಬದಲಾಗಲಿ, ಅಂಕಿ ಬದಲಾಗಲಿ, ನನಗೆ ದೊಡ್ಡ ದುಃಖವಿಲ್ಲ. ಬಿಂದಿಯನ್ನು ಕಿತ್ತು ಇನ್ನೊಂದು ಕಡೆ ಅಂಟಿಸಿದರಾಯಿತು. ನನ್ನ ಹಳೆಯ ಹಾಡಿನ ವಾಹಿನಿ ಅಂಕಿ ಬದಲಿಸಿದ್ದರೆ ಹುಡುಕಿಕೊಂಡು ಹೋಗುತ್ತಿದ್ದೆ. ಅಂಕಿ ಇಟ್ಟುಕೊಂಡು ಮಾತು ಬದಲಿಸಿತು ನೋಡಿ, ಎಲ್ಲಿ ಹುಡುಕಲಿ? ಮಡಿಕೇರಿಯ ಬಗ್ಗೆಯೂ ನನಗಿರುವ ಅಂಜಿಕೆ ಇದೇ. ಹೋಬಳಿಯ ಮಳೆಯ ಜಾಗಕ್ಕೆ ದೂರದ ಮರುಪ್ರಸಾರ ಬಂದು ಕೂತರೆ 73 ಸೆಂಟಿಮೀಟರಿನ ತಂತಿ ಅದನ್ನೂ ಚೊಕ್ಕವಾಗಿಯೇ ಹಿಡಿದು ಕೊಡುತ್ತದೆ.

ಸದ್ಯಕ್ಕೆ ಮನೆಯಲ್ಲಿ ವ್ಯವಸ್ಥೆ ಹೀಗಿದೆ. ಅಡುಗೆಮನೆ 103.1, ಮುಟ್ಟುವಂತಿಲ್ಲ. ಕಣದಲ್ಲಿ ಕೆಲಸವಿರುವಾಗ, ನೆಟ್‌ವರ್ಕ್ ಇದ್ದರೆ, ಮೊಬೈಲಿನಲ್ಲಿ ಧಾರವಾಡ. ಎರಡು ಜೊತೆ ಸೆಲ್ಲು ಅಕ್ಕಿ ಡಬ್ಬದಲ್ಲಿ, ಬೂಷ್ಟು ಹಿಡಿಯದಂತೆ. ಕಾರಿನ ಆರು ಗುಂಡಿಗಳಲ್ಲಿ ಮಡಿಕೇರಿ, ಮಂಗಳೂರು, ಮೈಸೂರು, ಹಾಸನ, ರೈಟರ್ ಜೊತೆಗಿದ್ದಾಗ ಕಣ್ಣೂರು. ಆರನೆಯದರಲ್ಲಿ ಆ ಹಳೆಯ ಹಾಡಿನ ವಾಹಿನಿಯಿತ್ತು. ಅದನ್ನು ಅಳಿಸಿಲ್ಲ. ಪಿರಿಯಾಪಟ್ಟಣ ಬಂದಾಗ ಒಮ್ಮೆ ಒತ್ತಿ ನೋಡುತ್ತೇನೆ, ನಗು ಕೇಳಿಸುತ್ತಿದ್ದಂತೆ ಮೈಸೂರಿಗೆ ಹಾರುತ್ತೇನೆ.