ಖಾಲಿ ಸೈಟಿನ ಕಳೆ: ಗುತ್ತಿಗೆಗೋ, ಸ್ವಂತ ತಂಡಕ್ಕೋ?

ಮಳೆ ಬಿದ್ದು ತಿಂಗಳಾಗುವಷ್ಟರಲ್ಲಿ ಖಾಲಿ ಸೈಟಿನ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಿರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮುಂಚೆಯೇ ಬೇರುಸಮೇತ ಕೀಳಬೇಕು. ಪುರಸಭೆ ಈ ಕೆಲಸ ಯಾರಿಗೆ ಕೊಡಬೇಕು ಅನ್ನುವುದು ಇಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಗುತ್ತಿಗೆದಾರನಿಗೆ ಚದರ ಮೀಟರ್ ಲೆಕ್ಕದಲ್ಲಿ ದುಡ್ಡು. ಮೆಷಿನ್‌ನಲ್ಲಿ ಸರ್ರನೆ ಸವರಿ, ಫೋಟೋ ತೆಗೆದು, ಬಿಲ್ ಹಾಕಿದರೆ ಮುಗಿಯಿತು. ಬುಡ ಅಲ್ಲೇ ಉಳಿದು ಚಿಗುರುತ್ತದೆ. ಮುಂದಿನ ಟೆಂಡರ್ ಕರೆಯುವ ಹೊತ್ತಿಗೆ ಬೀಜ ಉದುರಿರುತ್ತದೆ, ಅಲ್ವಾ?

ಸ್ವಂತ ತಂಡಕ್ಕೆ ವರ್ಷವಿಡೀ ಖರ್ಚು: ಸಂಬಳ, ಪಿಎಫ್, ಇಎಸ್‌ಐ, ಟ್ರ್ಯಾಕ್ಟರ್ ರಿಪೇರಿ, ಗ್ಲೌಸ್ (ಬರಿಗೈಲಿ ಕಿತ್ತವರಿಗೆ ಗೊತ್ತು ಆ ತುರಿಕೆ). ಬೇಸಿಗೆಯಲ್ಲಿ ಕಳೆ ಕಮ್ಮಿ. ಆಗ ಸುಮ್ನೆ ಕೂರಿಸದೆ ಚರಂಡಿ ಹೂಳು, ಸೈಟಿಗೆ ಸುರಿದ ಕಟ್ಟಡದ ಕಸ ಎತ್ತಿಸಬೇಕು. ಆದರೆ ಬೆಳಿಗ್ಗೆ ದೂರು ಬಂದರೆ ಸಂಜೆಯೊಳಗೆ ಜನ ಕಳಿಸಬಹುದು. ಬೆಂಗಳೂರಿನಲ್ಲಿ ಬೀದಿ ಗುಡಿಸುವವರನ್ನು 2018ರಲ್ಲಿ ನೇರ ಪಾವತಿಗೆ ತಂದದ್ದೂ ನಡುವಿನ ಗುತ್ತಿಗೆದಾರರನ್ನು ತಪ್ಪಿಸಲೆಂದೇ.

ವರ್ಷಕ್ಕೆರಡು ಸಲ ದೊಡ್ಡ ಲೇಔಟ್ ಸವರುವುದಷ್ಟೇ ಇದ್ದರೆ ಗುತ್ತಿಗೆ ಸಾಕು. ವಾರ್ಡ್ ತುಂಬಾ ಖಾಲಿ ಸೈಟುಗಳಿದ್ದರೆ ಆರೇಳು ಜನರ ಸ್ವಂತ ತಂಡಕ್ಕೇ ನನ್ನ ಓಟು. ಜೆಸಿಬಿ ಮಾತ್ರ ಬಾಡಿಗೆಗೆ ತನ್ನಿ.